'ದಿ ಬಿಗ್ ಸ್ಲೀಪ್': ಆ ಡ್ರೈವರನ್ನು ಕೊಂದವರು ಯಾರು? ಓದಿ ಮುಗಿಸಿದವರು ಹೇಳಿ

ಮಲೆನಾಡ ಓದುಗಿ

ಎಲ್ಲರಿಗೂ ನಮಸ್ಕಾರ. ಕಾದಂಬರಿ ಇನ್ನೂ ಓದಿಲ್ಲದವರು ಇಲ್ಲಿಂದಲೇ ಹಿಂದೆ ಹೋಗಿಬಿಡಿ, ಗುಟ್ಟೆಲ್ಲ ಬಯಲಾಗುತ್ತೆ.

ನಾನು ಶಿವಮೊಗ್ಗದವಳು. ನಮ್ಮದೊಂದು ಸಣ್ಣ ಓದುಗರ ಬಳಗ ಇದೆ, ತಿಂಗಳಿಗೊಂದು ಪುಸ್ತಕ. ಈ ಸಲ ರೇಮಂಡ್ ಚಾಂಡ್ಲರ್ ಬರೆದ 1939ರ ಈ ಕಾದಂಬರಿ. ಕಥಾಸಾರ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಓದುವಾಗ ಏನೂ ತೊಂದರೆ ಆಗಲಿಲ್ಲ. ಖಾಸಗಿ ಪತ್ತೇದಾರ ಮಾರ್ಲೋ ಮಾತಾಡೋ ಧಾಟಿ, ಲಾಸ್ ಏಂಜಲೀಸಿನ ಆ ಮಳೆ, ಆರ್ಕಿಡ್ ಬೆಳೆಸೋ ಗಾಜಿನ ಮನೆಯಲ್ಲಿ ಬೆವರು ಕಿತ್ತುಬರೋ ಸೆಕೆಯಲ್ಲೂ ಕಂಬಳಿ ಹೊದ್ದು ಕೂತ ಮುದುಕ ಜನರಲ್, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಪುಸ್ತಕ ಮುಚ್ಚಿಟ್ಟು ಅತ್ತಿಗೆ ಹತ್ತಿರ 'ಕಥೆ ಏನಂದ್ರೆ' ಅಂತ ಶುರು ಮಾಡಿದರೆ ಮೂರನೇ ವಾಕ್ಯಕ್ಕೇ ಸಿಕ್ಕಿಹಾಕಿಕೊಳ್ತೀನಿ.

ನನಗೆ ಗೊತ್ತಾಗಿದ್ದು ಇಷ್ಟು: ಜನರಲ್ ಸ್ಟರ್ನ್‌ವುಡ್‌ಗೆ ಇಬ್ಬರು ಹೆಣ್ಣುಮಕ್ಕಳು, ವಿವಿಯನ್ ಮತ್ತು ಕಾರ್ಮೆನ್. ಕಾರ್ಮೆನ್ ಸಹಿ ಮಾಡಿದ ಸಾಲದ ಚೀಟಿ ಹಿಡಿದು ಗೈಗರ್ ಅನ್ನೋನು ದುಡ್ಡು ಕೇಳ್ತಾನೆ. ಅದನ್ನು ವಿಚಾರಿಸೋಕೆ ಮಾರ್ಲೋನ ಕರೆಸ್ತಾರೆ. ಗೈಗರ್ ಕೊಲೆ ಆಗ್ತಾನೆ. ಅಲ್ಲಿಂದಾಚೆಗೆ ನನ್ನ ಲೆಕ್ಕ ತಪ್ಪುತ್ತೆ.

ಪ್ರಶ್ನೆಗಳು: ಗೈಗರ್ ಸತ್ತ ರಾತ್ರಿ ಮನೆ ಹಿಂದಿನಿಂದ ಎರಡು ಕಾರು ಹೊರಡೋ ಸದ್ದು ಕೇಳುತ್ತಲ್ಲ, ಎರಡನೇದು ಯಾರದು? ಕಾರಿನ ಸಮೇತ ಸಮುದ್ರಕ್ಕೆ ಬಿದ್ದ, ಜನರಲ್ ಮನೆಯ ಡ್ರೈವರ್ ಓವೆನ್ ಟೇಲರ್‌ನ ಕೊಂದಿದ್ದು ಯಾರು? ಜೋ ಬ್ರೋಡಿ ಸತ್ತ ಮೇಲೆ ಎಲ್ಲ ಮುಗೀತು ಅಂದುಕೊಂಡರೆ ಇನ್ನೂ ಅರ್ಧ ಪುಸ್ತಕ ಬಾಕಿ ಇರುತ್ತೆ, ಯಾಕೆ? ಜೂಜಿನ ಅಡ್ಡೆ ನಡೆಸೋ ಎಡ್ಡಿ ಮಾರ್ಸ್ ತನ್ನ ಹೆಂಡತಿಯನ್ನು ತಾನೇ ಬಚ್ಚಿಡೋದು ಯಾಕೆ?

ಕೊನೇ ಪುಟದಲ್ಲಿ ಹೆಸರುಗಳನ್ನೆಲ್ಲ ಬರೆದುಕೊಂಡಿದ್ದೆ. ಹೆಸರು ಉದ್ದ ಆಯ್ತೇ ಹೊರತು ಕಥೆ ಬಿಡಿಸಿಕೊಳ್ಳಲಿಲ್ಲ. ಭಾನುವಾರ ಬಳಗ ಸೇರುತ್ತೆ, ಕಾಪಾಡಿ.

ಕಪ್ಪುಬಿಳುಪು ಸಿನಿಮಾ

ಗಾಬರಿ ಬೀಳಬೇಡಿ ಮೇಡಂ. ನಿಮ್ಮ ಎರಡನೇ ಪ್ರಶ್ನೆಗೆ ಬರೆದವನ ಹತ್ತಿರವೇ ಉತ್ತರ ಇರಲಿಲ್ಲ. ನಿರ್ದೇಶಕ ಹೋವರ್ಡ್ ಹಾಕ್ಸ್ ಇದನ್ನು ಸಿನಿಮಾ ಮಾಡುವಾಗ ಆ ಡ್ರೈವರ್ ಕೊಲೆಯಾದನೋ ಆತ್ಮಹತ್ಯೆ ಮಾಡಿಕೊಂಡನೋ ಅಂತ ಅವನಿಗೂ ಮಾರ್ಲೋ ಪಾತ್ರ ಮಾಡಿದ ಹಂಫ್ರಿ ಬೋಗಾರ್ಟ್‌ಗೂ ವಾದ ಹತ್ತಿತು. ಚಾಂಡ್ಲರ್‌ಗೇ ತಂತಿ ಕೊಟ್ಟು ಕೇಳಿದರು. ತನಗೂ ಗೊತ್ತಿರಲಿಲ್ಲ ಅಂತ ಆತನೇ 1949ರಲ್ಲಿ ತನ್ನ ಇಂಗ್ಲೆಂಡಿನ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ನನ್ನ ಮಾತು ಕೇಳಿದರೆ, ಕಥೆ ಬಿಡಿಸೋಕೆ ಹೋಗಲೇಬೇಡಿ. ಇದು ಯಾರಿಗೂ ಪೂರ್ತಿ ಅರ್ಥ ಆಗದ ಕಥೆ, ಅದೇ ಅದರ ಸೊಗಸು. ಕೊನೆಯ ಪುಟ ಹರಿದುಹೋಗಿದ್ದರೂ ಓದಬೇಕು ಅನ್ನಿಸೋದೇ ಒಳ್ಳೇ ಪತ್ತೇದಾರಿ ಕಥೆ ಅನ್ನೋ ಅರ್ಥದ ಮಾತನ್ನು ಚಾಂಡ್ಲರ್ ತಾನೇ ಬರೆದಿದ್ದಾನೆ. ಭಾನುವಾರ ಎರಡು ಒಳ್ಳೇ ಪ್ಯಾರಾ ಗಟ್ಟಿಯಾಗಿ ಓದಿ ಕೂತುಬಿಡಿ.

ಧಾರವಾಡದ ಶಿರಸ್ತೇದಾರ

ತಂಗಿ, ಆ ತಂತಿ ಸುದ್ದಿ ಖರೇ ಅದ. ಆದ್ರ ಅದನ್ನ ಹಿಡಕೊಂಡು 'ಈ ಕಾದಂಬರಿ ಯಾರಿಗೂ ತಿಳಿಯೂದಿಲ್ಲ' ಅನ್ನೂದು ನನಗ ಒಪ್ಪೂದಿಲ್ಲ. ತಿಳೀತದ. ಒಂದ ಒಂದು ಜಾಗಾ ಬಿಟ್ರ ಎಲ್ಲಾ ಹೊಂದ್ತದ. ಓದದವರು ಹುಟ್ಟಿಸಿದ ಮಾತು ಅದು, ಓದಿದವರೂ ಹೇಳಕೋತ ಹೊಂಟಾರ.

ನಾನು ಸೆಷನ್ಸ್ ಕೋರ್ಟಿನಾಗ ಶಿರಸ್ತೇದಾರ ಆಗಿ ನಿವೃತ್ತ ಆದಾಂವ. ಖೂನಿ ಕೇಸಿನ ಕಾಗದಾ ಜೋಡಿಸೂದು, ಪುಟಕ್ಕ ನಂಬರ ಹಾಕೂದು ನನ್ನ ಹೊಟ್ಟಿಪಾಡು ಇತ್ತು. ಎರಡು ಕ್ರೈಂ ನಂಬರಿನ ಕಾಗದಾ ಒಂದ ಫೈಲಿನಾಗ ಬೆರತು ಬಂದ್ರ ಮೊದಲ ಬ್ಯಾರೆ ಮಾಡಬೇಕು, ಆಮ್ಯಾಲೆ ಓದಬೇಕು. ಓದಕೋತ ಬ್ಯಾರೆ ಮಾಡ್ತೀನಿ ಅಂದ್ರ ತಲಿ ಕೆಡ್ತದ. ನಿಮಗ ಆಗಿದ್ದು ಅದ.

ಯಾಕಂದ್ರ ಇದು ಹುಟ್ಟಿದ್ದ ಎರಡು ಕಥಿಯಾಗಿ. ಚಾಂಡ್ಲರ್ ಮೊದಲ ಎಣ್ಣಿ ಕಂಪನಿಯಾಗ ದೊಡ್ಡ ಹುದ್ದೆದಾಗ ಇದ್ದ. 1932ರಾಗ ನೌಕರಿ ಹೋತು. ನಲವತ್ತು ದಾಟಿದ ಮ್ಯಾಲೆ 'ಬ್ಲ್ಯಾಕ್ ಮಾಸ್ಕ್' ಅನ್ನೋ ಅಗ್ಗದ ಮಾಸಪತ್ರಿಕೆಗೆ ಕಥಿ ಬರಿಯಾಕ ಕೂತ. ಅದರಾಗ 1935ರ ಜನವರಿಗೆ 'ಕಿಲ್ಲರ್ ಇನ್ ದಿ ರೇನ್' ಬಂತು, 1936ರ ಸೆಪ್ಟೆಂಬರಿಗೆ 'ದಿ ಕರ್ಟನ್' ಬಂತು. ಒಂದಕ್ಕೊಂದು ಸಂಬಂಧ ಇಲ್ಲ. ಮುಂದ ಕಾದಂಬರಿ ಬರಿಯೂ ಮುಂದ ಈ ಎರಡನ್ನೂ ಬಿಚ್ಚಿ, ಬ್ಯಾರೆ ಕಥಿಗಳಿಂದ ಒಂದೊಂದು ತುಂಡು ತೊಗೊಂಡು, ನಮ್ಮ ಕಡೆ ಹೆಣ್ಣುಮಕ್ಕಳು ಹಳೇ ಸೀರಿ ಕೂಡಿಸಿ ಕೌದಿ ಹೊಲದಂಗ ಹೊಲದ. ಮೊದಲನೇ ಕಥಿಯೊಳಗಿನ ಅಪ್ಪ, ಎರಡನೇದರೊಳಗಿನ ಮುದುಕ ಜನರಲ್, ಇಬ್ಬರೂ ಕೂಡಿ ಸ್ಟರ್ನ್‌ವುಡ್ ಆದ್ರು. ಮೊದಲನೇದರೊಳಗಿನ ಹುಡುಗಿ, ಎರಡನೇದರೊಳಗಿನ ಕೊಲೆಗಾರ ಹುಡುಗ, ಇಬ್ಬರೂ ಕೂಡಿ ಕಾರ್ಮೆನ್ ಆದ್ರು.

ಹೊಲಿಗಿ ಎಲ್ಲೆ ಅದ ಅಂತ ಕೇಳ್ತೀರೇನು? 18ನೇ ಅಧ್ಯಾಯ ತಗೀರಿ. ರಾತ್ರಿ ಡಿಸ್ಟ್ರಿಕ್ಟ್ ಅಟಾರ್ನಿ (ಸರಕಾರದ ವಕೀಲ) ವೈಲ್ಡ್ ಅನ್ನಾಂವನ ಮನ್ಯಾಗ ಮಾರ್ಲೋ ಕೂತು ನಡದದ್ದೆಲ್ಲಾ ಒಪ್ಪಸ್ತಾನ. ಅಲ್ಲಿಗೆ ಮೊದಲನೇ ಫೈಲು ಮುಗೀತು. ಒಟ್ಟು 32 ಅಧ್ಯಾಯ ಅವ, ಅಂದ್ರ ಅರ್ಧದ ಮ್ಯಾಲೆ ಒಂಚೂರು. ಮುಂದ 20ನೇದರಾಗ ಕಾಣೆಯಾದವರ ವಿಭಾಗದ ಕ್ಯಾಪ್ಟನ್ ಗ್ರೆಗರಿ ಕಡೆ ಹೋಗ್ತಾನಲ್ಲ, ಅದು ಎರಡನೇ ಫೈಲಿನ ಮೊದಲನೇ ಪುಟ. ಮೊದಲನೇದು ಗೈಗರ್ ಕೇಸು. ಎರಡನೇದು ವಿವಿಯನ್ನಳ ಗಂಡ ರಸ್ಟಿ ರೀಗನ್ ಎಲ್ಲೆ ಹೋದ ಅನ್ನೂದು. ನಿಮ್ಮ ಮೂರನೇ ಪ್ರಶ್ನೆ ಇಲ್ಲಿಗೆ ತೀರ್ತು.

ಈಗ ಮೊದಲನೇ ಫೈಲು. ಇದರಾಗ ಮನಿಷ್ಯಾರ ಬೆನ್ನ ಹತ್ತಬ್ಯಾಡ್ರಿ, ಮುದ್ದೆಮಾಲಿನ, ಅಂದ್ರ ಸಾಕ್ಷಿಗೆ ಹಿಡದಿಟ್ಟ ವಸ್ತುವಿನ, ಬೆನ್ನ ಹತ್ತರಿ. ಎಂ.ಓ. 1, ಅಂದ್ರ ಒಂದನೇ ಮುದ್ದೆಮಾಲು ಯಾವುದು? ಗೈಗರನ ಕ್ಯಾಮೆರಾದೊಳಗಿನ ಫೋಟೋ ಪ್ಲೇಟು, ಅಂದ್ರ ನೆಗೆಟಿವ್. ಅದು ಯಾರ ಕೈಯಿಂದ ಯಾರ ಕೈಗೆ ಹೋತು ನೋಡ್ರಿ.

ಮಳಿ ರಾತ್ರಿ. ಲಾರೆಲ್ ಕ್ಯಾನಿಯನ್ ಕಡೆ ಗೈಗರನ ಮನಿ. ಮಾರ್ಲೋ ಹೊರಗ ಕಾರಿನಾಗ ಕೂತಾನ. ಒಳಗ ಮಿಂಚಿದಂಗ ಬೆಳಕು, ಒಂದು ಚೀರಾಟ, ಆಮ್ಯಾಲೆ ಮೂರು ಗುಂಡು. ಕಾರ್ಮೆನ್ನಿಗೆ ಅಮಲು ಕುಡಿಸಿ, ಬಟ್ಟಿ ಇಲ್ಲದಂಗ ಕೂಡಿಸಿ ಗೈಗರ್ ಫೋಟೋ ತಗದ. ಡ್ರೈವರ್ ಓವೆನ್ ಟೇಲರಗ ಅಕಿ ಮ್ಯಾಲೆ ಭಾಳ ಪ್ರೀತಿ. ನುಗ್ಗಿದ, ಹೊಡದ, ಪ್ಲೇಟು ತೊಗೊಂಡು ಹಿಂದಿನ ಮೆಟ್ಟಲಾ ಇಳದು ಓಡಿದ. ಅದು ಮೊದಲನೇ ಕಾರು, ಸ್ಟರ್ನ್‌ವುಡ್ ಮನಿತನದ ಬ್ಯೂಕು. ಎರಡನೇ ಕಾರಿನಾಗ ಇದ್ದಾಂವ ಜೋ ಬ್ರೋಡಿ. ಗೈಗರನ ಧಂದೆ ಕಸಗೋಬೇಕಂತ ಅಂವ ಮೊದಲಿಂದ ಆ ಮನಿ ಮ್ಯಾಲೆ ಕಣ್ಣ ಇಟ್ಟಿದ್ದ. ಬ್ಯೂಕಿನ ಬೆನ್ನ ಹತ್ತಿದ, ಅದು ರಸ್ತೆ ಬಿಟ್ಟು ಜಾರಿದಾಗ ಪೊಲೀಸನಂಗ ನಟಿಸಿ ಹತ್ರ ಹೋದ, ಟೇಲರನ ತಲಿಗೆ ಹೊಡದು ಪ್ಲೇಟು ಕಸಗೊಂಡ. ಮರುದಿನ ಆ ಫೋಟೋದ ಮ್ಯಾಲೆ ವಿವಿಯನ್ನಗ ಐದು ಸಾವಿರ ಡಾಲರ್ ಕೇಳಿದ್ದು ಬ್ರೋಡಿ ಕಡಿಂದನ. ಕಡೀಕ ಮಾರ್ಲೋ ಅದನ್ನ ಬ್ರೋಡಿ ಕೈಯಿಂದ ತೊಗೊಂಡ. ಗೈಗರ್, ಟೇಲರ್, ಬ್ರೋಡಿ, ಮಾರ್ಲೋ. ನಾಲ್ಕು ಕೈ. ಮೊದಲನೇ ಫೈಲಿನ ಬೆನ್ನೆಲುಬು ಇದು.

ಎಂ.ಓ. 2 ಹೆಣ. ಮಾರ್ಲೋ ಕಾರ್ಮೆನ್ನಗ ಮನಿಗೆ ಮುಟ್ಟಿಸಿ ತಿರುಗಿ ಬರೂದರಾಗ ಗೈಗರನ ಹೆಣ ಇಲ್ಲ. ಇಲ್ಲೆ ಭಾಳ ಮಂದಿ ದಾರಿ ತಪ್ಪತಾರ, ಕೊಲೆಗಾರ ತಿರುಗಿ ಬಂದ ಅಂತ ತಿಳೀತಾರ. ಹೆಣ ಮುಚ್ಚಿಟ್ಟಾಂವಗ ಕೊಲಿಗೆ ಸಂಬಂಧ ಇಲ್ಲ. ಅಂವ ಗೈಗರನ ಜೋಡಿ ಇದ್ದ ಹುಡುಗ, ಕ್ಯಾರಲ್ ಲುಂಡ್‌ಗ್ರೆನ್. ಆಮ್ಯಾಲೆ ಹೆಣಾನ ಹಾಸಿಗಿ ಮ್ಯಾಲೆ ಮಲಗಿಸಿ ಮರ್ಯಾದಿಂದ ಊದಿನಕಡ್ಡಿ ಹಚ್ಚಿದಾಂವನೂ ಅವನ. ಎಂ.ಓ. 3 ಪುಸ್ತಕದ ಪೆಟ್ಟಿಗಿ. ಗೈಗರನ ಅಂಗಡಿಯೊಳಗಿನ ಹೊಲಸ ಪುಸ್ತಕಾ ಬ್ರೋಡಿ ಮನಿಗೆ ಹೋಗಿದ್ದು ಲುಂಡ್‌ಗ್ರೆನ್ ಕಣ್ಣಿಗೆ ಬಿತ್ತು. ಮಾಲು ಯಾರ ಕಡೆ ಅದನೋ ಅವನ ಕೊಂದಾನ ಅಂತ ತಿಳದು ಹೋಗಿ ಬ್ರೋಡಿನ್ನ ಹೊಡದ. ತಪ್ಪು ಮನಿಷ್ಯಾನ ಮ್ಯಾಲೆ ಸೇಡು. ಹೆಸರಿನ ಪಟ್ಟಿ ಮಾಡಿದ್ರ ಈ ಸಂಗತಿ ಕಾಣೂದಿಲ್ಲ. ಯಾವ ಹೊತ್ತಿಗೆ ಯಾರಿಗೆ ಏನು ಗೊತ್ತಿತ್ತು ಅಂತ ಬರಕೊಂಡ್ರ ಕಾಣ್ತದ.

ಇನ್ನ ಟೇಲರನ ಸಾವು. ಲಿಡೋ ಅನ್ನೋ ಕಟ್ಟೆ ಮುರಕೊಂಡು ಬ್ಯೂಕು ಸಮುದ್ರಕ್ಕ ಬಿದ್ದದ. ಕೈಯಿಂದ ನಡಸೂ ಥ್ರಾಟಲ್ (ವೇಗ ಏರಸೂ ಹಿಡಿಕಿ) ಅರ್ಧ ಇಳದದ. ಕುತ್ತಿಗಿ ಮುರದದ, ತಲಿಗೆ ಪೆಟ್ಟು ಬಿದ್ದ ಗುರ್ತು ಅದ. ತಲಿಗೆ ಹೊಡದದ್ದು ಬ್ರೋಡಿ ಒಪ್ಪಕೊಂಡಾನ, ಆದ್ರ ಟೇಲರ್ ಎಚ್ಚರಾಗಿ ತನ್ನ ದಬ್ಬಿ ಹೋದ ಅಂತಾನ. ಅದಕ್ಕ ಬ್ರೋಡಿ ಒಬ್ಬನ ಸಾಕ್ಷಿ, ಅವನೂ ಅವತ್ತ ಸತ್ತ. ಪ್ರೀತಿ ಮಾಡಿದ ಹುಡುಗಿ ಸಲುವಾಗಿ ಖೂನಿ ಮಾಡಿ, ಕೈಗೆ ಸಿಕ್ಕ ಪ್ಲೇಟೂ ಕಳಕೊಂಡ ಮನಿಷ್ಯಾ ತಾನ ಹೋಗಿ ಬಿದ್ದಿದ್ರೂ ಬಿದ್ದಿರಬಹುದು. ಬ್ರೋಡಿ ಸುಳ್ಳು ಹೇಳಿದ್ರೂ ಹೇಳಿರಬಹುದು. ನಮ್ಮ ಕಡೆ ಆಗಿದ್ರ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ರ ಕೆಳಗ ಯುಡಿಆರ್ (ಅಸಹಜ ಸಾವಿನ ವರದಿ) ಮಾಡಿ, ಮುಂದ ಖೂನಿ ಕೇಸು ಆದ್ರ ಪತ್ತೆ ಆಗಲಿಲ್ಲಂತ 'ಸಿ' ರಿಪೋರ್ಟ್ ಹಾಕ್ತಿದ್ರು. ಬಳಗದಾಗ ಹಂಗ ಹೇಳ್ರಿ. ಈ ಒಂದು ತೂತು ಬಿಟ್ರ ಮೊದಲನೇ ಫೈಲಿನಾಗ ಸೋರಿಕಿ ಇಲ್ಲ.

ಎರಡನೇ ಫೈಲಿನಾಗ ಮುದ್ದೆಮಾಲು ಕೆಲಸಕ್ಕ ಬರೂದಿಲ್ಲ. ಅಲ್ಲೆ ಕೈಯಿಂದ ಕೈಗೆ ತಿರಗೂದು ಒಂದು ಗಾಳಿಸುದ್ದಿ: 'ರೀಗನ್ ಎಡ್ಡಿ ಮಾರ್ಸನ ಹೆಂಡತಿ ಮೋನಾಳ ಜೋಡಿ ಓಡಿಹೋದ'. ಈ ಸುದ್ದಿ ನಂಬಿದ್ರ ಯಾರಿಗೆ ಲಾಭ ಅಂತ ಕೇಳ್ರಿ. ರೀಗನ್ ಸತ್ತಾನ. ಕೊಂದಾಕಿ ಕಾರ್ಮೆನ್. ವಿವಿಯನ್ ಗಾಬರಿಯಾಗಿ ಮಾರ್ಸನ ಕಡೆ ಓಡಿದ್ಲು, ಮಾರ್ಸನ ಕೈಯಾಳು ಕನೀನೋ ಹೆಣಾ ಸಾಗಿಸಿದ. ಅವತ್ತಿಂದ ಆ ಮನಿತನದ ಜುಟ್ಟು ಮಾರ್ಸನ ಕೈಯಾಗ. ಮುದುಕ ಸತ್ತು ಆಸ್ತಿ ಹೆಣ್ಣುಮಕ್ಕಳಿಗೆ ಬಂತಂದ್ರ ಹಿಂಡಬಹುದು. ಅಲ್ಲೀತನಕ ರೀಗನ್ ಜೀವಂತ ಅದಾನ ಅನ್ನೂದು ನಿಲ್ಲಬೇಕು. ಓಡಿಹೋದಾಕಿ ಮನ್ಯಾಗ ಕೂತಿದ್ರ ಸುದ್ದಿ ನಿಲ್ತದೇನು? ಅದಕ್ಕ ಹೆಂಡತಿನ್ನ ಊರ ಹೊರಗ ಬಚ್ಚಿಟ್ಟ. ಪಾಪ ಅಕಿಗೆ ಖರೇ ಸಂಗತಿ ಗೊತ್ತಿಲ್ಲ. ಪೊಲೀಸರು ತನ್ನ ಗಂಡನ ಮ್ಯಾಲೆ ಸುಮ್ನ ಸಂಶಯ ಪಡಬಾರದಂತ ಅಡಗಿ ಕೂತಾಳ.

ಕಾರ್ಮೆನ್ ಯಾಕ ಕೊಂದ್ಲು ಅನ್ನೂದನ್ನ ಚಾಂಡ್ಲರ್ ಮುಚ್ಚಿಟ್ಟಿಲ್ಲ. 24ನೇ ಅಧ್ಯಾಯದಾಗ ಅಕಿ ಮಾರ್ಲೋನ ಹಾಸಿಗಿಯಾಗ ಬಂದು ಮಲಗಿರ್ತಾಳ, ಅಂವ ಹೊರಗ ಹಾಕ್ತಾನ. ಆಗ ಅಕಿ ಮಾರಿ ಹೆಂಗಾತು ಅಂತ ಬರದದ್ದನ್ನ ಇನ್ನೊಮ್ಮೆ ಓದ್ರಿ. ಕಡೀಕ ಹಳೇ ಎಣ್ಣಿ ಬಾವಿ ಕಡೆ ಪಿಸ್ತೂಲ್ ಕಲಸು ಅಂತ ಮಾರ್ಲೋನ್ನ ಕರಕೊಂಡು ಹೋಗಿ ಅವನ ಮ್ಯಾಲೇ ಹೊಡೀತಾಳ. ಅಂವ ಶಾಣ್ಯಾ, ಮೊದಲ ಬರೇ ಸಪ್ಪಳ ಮಾಡೂ ತೋಟಾ ತುಂಬಿರ್ತಾನ. ರೀಗನ್ನೂ ಬ್ಯಾಡಂದಿದ್ದ. ಅವಗ ಆದದ್ದು ಇದ, ಇದ ಜಾಗಾದಾಗ. ಹೆಣಾ ಅಲ್ಲೇ ಎಣ್ಣಿ ಗುಂಡಿಯಾಗ ಅದ. ಆ ಮನಿತನ ಶ್ರೀಮಂತ ಆದದ್ದು ಅದ ಎಣ್ಣಿಯಿಂದ. ಎಣ್ಣಿ ಕಂಪನಿಯಾಗ ವರ್ಷಗಟ್ಟಲೆ ಕೂತಾಂವಗ ಆ ಜಾಗಾದ ನಾತ ಗೊತ್ತಿತ್ತು ನೋಡ್ರಿ.

ಕಪ್ಪುಬಿಳುಪು ಸಿನಿಮಾ

ಶಿರಸ್ತೇದಾರ್ ಸರ್, ನಿಮ್ಮ 18ನೇ ಅಧ್ಯಾಯದ ಮಾತು ಓದಿ ಒಂದು ಹೊಳೀತು. ಸಿನಿಮಾ 1945ರ ಹೊತ್ತಿಗೇ ಒಂದು ರೂಪದಲ್ಲಿ ಸಿದ್ಧವಾಗಿತ್ತು, ಹೊರದೇಶದಲ್ಲಿದ್ದ ಅಮೆರಿಕದ ಸೈನಿಕರಿಗೆ ತೋರಿಸಿದ್ದರು. ಆಮೇಲೆ ಬೋಗಾರ್ಟ್ ಮತ್ತು ಲಾರೆನ್ ಬಕಾಲ್ ಜೋಡಿಯ ದೃಶ್ಯ ಹೆಚ್ಚಿಸೋಕೆ ಮತ್ತೆ ಶೂಟಿಂಗ್ ಮಾಡಿದರು. ಅದಕ್ಕೆ ಜಾಗ ಮಾಡೋಕೆ ಕೆಲವು ದೃಶ್ಯ ತೆಗೆದರು. ಹಾಗೆ ತೆಗೆದಿದ್ದರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ ಎದುರು ಮಾರ್ಲೋ ಎಲ್ಲ ವಿವರಿಸೋ ದೃಶ್ಯವೂ ಇತ್ತು. ಅಂದರೆ ಕಥೆ ಬಿಡಿಸಿ ಹೇಳುವ ಜಾಗಕ್ಕೇ ಕತ್ತರಿ. 1946ರಲ್ಲಿ ಥಿಯೇಟರಿಗೆ ಬಂದಿದ್ದು ಈ ರೂಪ. ಹಳೇ ರೂಪ ಜನ ನೋಡೋ ಹಾಗೆ ಆಗಿದ್ದು 1997ರಲ್ಲಿ.

ಇದರ ಮೇಲೆ ಆಗಿನ ಸೆನ್ಸಾರ್ ನಿಯಮ. ಗೈಗರ್ ಅಂಗಡಿಯಲ್ಲಿ ಏನು ಮಾರ್ತಾನೆ ಅಂತ ಬಾಯಿಬಿಟ್ಟು ಹೇಳೋ ಹಾಗಿಲ್ಲ, ಲುಂಡ್‌ಗ್ರೆನ್ ಅವನಿಗೆ ಏನಾಗಬೇಕು ಅಂತಲೂ ಹೇಳೋ ಹಾಗಿಲ್ಲ. ಎರಡೂ ಹೋದರೆ ಬ್ರೋಡಿಯನ್ನು ಯಾಕೆ ಕೊಂದ ಅನ್ನೋದಕ್ಕೆ ಕಾರಣವೇ ಉಳಿಯಲ್ಲ. ಹಾಗಾಗಿ ಸಿನಿಮಾದ ಗೊಂದಲ ಪುಸ್ತಕದ ತಲೆಗೂ ಬಂತು ಅನ್ನೋದನ್ನು ಒಪ್ತೀನಿ.

ಆದರೂ ನಾನು ಇದನ್ನು ಮತ್ತೆ ಮತ್ತೆ ಓದೋದು ಮುದ್ದೆಮಾಲಿಗಾಗಿ ಅಲ್ಲ, ಆ ಗಾಜಿನ ಮನೆಯ ಸೆಕೆಗಾಗಿಯೇ.

ಬಾಡಿಗೆ ಪುಸ್ತಕ

ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ದಿನದ ಬಾಡಿಗೆಗೆ ತಂದು ಓದುತ್ತಿದ್ದೆ. ಮಾರನೇ ದಿನ ವಾಪಸ್ ಕೊಡಬೇಕಾದ್ದರಿಂದ ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದೆ, ಕಥೆ ಮರೆಯುವ ಪ್ರಶ್ನೆಯೇ ಇರಲಿಲ್ಲ. ಈಗ ಮಲಗುವ ಮುಂಚೆ ನಾಲ್ಕು ಪುಟ ಓದಿ ವಾರ ಬಿಟ್ಟು ಮತ್ತೆ ತೆಗೆದರೆ ಬ್ರೋಡಿ ಯಾರು ಅಂತ ಹೇಗೆ ನೆನಪಿರುತ್ತೆ? ಅರ್ಧ ಗೊಂದಲ ನಮ್ಮ ಓದಿನ ರೀತಿಯದೇ. ಮೊಬೈಲಲ್ಲಿ ಓದುವವರಾದರೆ ಹೆಸರು ಹಾಕಿ ಹುಡುಕಿ, ಆ ವ್ಯಕ್ತಿ ಮೊದಲ ಸಲ ಬಂದ ಪುಟ ನೋಡಿಬಿಡಿ. ನನಗೆ ಅಷ್ಟು ಸಾಕಾಗುತ್ತೆ.

ಇನ್ನೊಂದು, 1940ರ ದಶಕದಲ್ಲಿ ಅಮೆರಿಕದ ಡೆಲ್ ಪ್ರಕಾಶನದವರು ಪತ್ತೇದಾರಿ ಪುಸ್ತಕಗಳ ಹಿಂಬದಿ ರಕ್ಷಾಪುಟದಲ್ಲಿ ಕೊಲೆ ನಡೆದ ಜಾಗದ ನಕ್ಷೆಯನ್ನೇ ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದರು, ಒಳಗೆ ಪಾತ್ರಗಳ ಪಟ್ಟಿ ಬೇರೆ. ಈಗಿನವರು ಹಿಂಬದಿಗೆ ಬರೀ ಹೊಗಳಿಕೆ ಹಾಕ್ತಾರೆ.

ಮಲೆನಾಡ ಓದುಗಿ

ಶಿರಸ್ತೇದಾರ್ ಕಾಕಾ, ಕೈ ಮುಗಿದೆ. ನೀವು ಹೇಳಿದ ಹಾಗೆ 18ನೇ ಅಧ್ಯಾಯಕ್ಕೆ ಒಂದು ಚೀಟಿ ಇಟ್ಟು, ಎರಡು ಹಾಳೆ ಮಾಡಿಕೊಂಡೆ. ಪ್ಲೇಟಿನ ದಾರಿ ಹಿಡಿದು ಹೇಳಿದರೆ ಅತ್ತಿಗೆಗೂ ಅರ್ಥ ಆಯ್ತು, 'ಹಾಗಾದ್ರೆ ಆ ಲುಂಡ್‌ಗ್ರೆನ್ ಹುಡುಗನೇ ಪಾಪ' ಅಂದರು.

ಒಂದು ಸಂಶಯ ಉಳಿದಿದೆ. ಎರಡು ಹಾಳೆಯಲ್ಲೂ ಬರುವ ಹೆಸರುಗಳಿಗೆ ಗೆರೆ ಎಳೆದೆ. ಮನೆಯವರು, ಎಡ್ಡಿ ಮಾರ್ಸ್, ಅಷ್ಟೇ ಇರಬಹುದು ಅಂದುಕೊಂಡಿದ್ದೆ. ಗೈಗರ್ ಮನೆಯ ಮಾಲೀಕನೂ ಮಾರ್ಸೇ, ಹಾಗಾಗಿ ಅವನು ಎರಡರಲ್ಲೂ ಇರೋದು ಸರಿ. ಆದರೆ ಆಗ್ನೆಸ್ ಕೂಡ ಎರಡರಲ್ಲೂ ಇದ್ದಾಳಲ್ಲ? ಗೈಗರ್ ಅಂಗಡಿಯಲ್ಲಿ ಕೂತಿರೋ ಹೆಂಗಸು. ಅವಳನ್ನು ಯಾವ ಹಾಳೆಗೆ ಹಾಕಲಿ?

ಧಾರವಾಡದ ಶಿರಸ್ತೇದಾರ

ಭೇಷ್ ತಂಗಿ, ಅಕಿನ್ನ ಹಿಡದ್ರೆಲ್ಲಾ, ನೀವು ಗೆದ್ರಿ. ಎರಡೂ ಹಾಳಿಗೆ ಹಾಕ್ರಿ.

ಮೊದಲ ಗೈಗರನ ಅಂಗಡ್ಯಾಗ ಇರ್ತಾಳ. ಎಲ್ಲೂ ಇಲ್ಲದ ಒಂದು ಪುಸ್ತಕದ ಹೆಸರು ಮಾರ್ಲೋ ಹೇಳ್ತಾನ, 1860ರ 'ಬೆನ್ ಹರ್'. ಆ ಕಾದಂಬರಿ ಹೊರಗ ಬಂದದ್ದ 1880ರಾಗ. ಅಕಿಗೆ ಅಷ್ಟೂ ಗೊತ್ತಿಲ್ಲ, ಹಂಗಾಗಿ ಅದು ಪುಸ್ತಕದ ಅಂಗಡಿ ಅಲ್ಲ ಅಂತ ಅಂವಗ ಅಲ್ಲೇ ತಿಳೀತದ. ಗೈಗರ್ ಸತ್ತ. ಅಕಿ ಬ್ರೋಡಿ ಕಡೆ ಇದ್ಲು. ಬ್ರೋಡಿ ಸತ್ತ. ಆಮ್ಯಾಲೆ ಹ್ಯಾರಿ ಜೋನ್ಸ್ ಅನ್ನೋ ಗಿಡ್ಡ ಮನಿಷ್ಯಾ ಅಕಿ ಪರವಾಗಿ ಮಾರ್ಲೋ ಕಡೆ ಬರ್ತಾನ, ಇನ್ನೂರು ಡಾಲರಿಗೆ ಒಂದು ಸುದ್ದಿ ಮಾರಾಕ. ಮೋನಾ ಎಲ್ಲೆ ಅಡಗ್ಯಾಳ ಅನ್ನೂದ ಆ ಸುದ್ದಿ. ಎರಡನೇ ಫೈಲಿನ ಕೀಲಿ ಅಕಿ ಕೈಯಾಗ ಇತ್ತು.

ಕನೀನೋ ಬಂದು ಆಗ್ನೆಸ್ ಎಲ್ಲೆ ಇದ್ದಾಳ ಅಂತ ಹ್ಯಾರಿಗೆ ಕೇಳ್ತಾನ. ಹ್ಯಾರಿ ಒಂದು ವಿಳಾಸ ಹೇಳ್ತಾನ. ಕನೀನೋ ವಿಸ್ಕಿಯಾಗ ಸೈನೈಡ್ ಹಾಕಿ ಕುಡಿಸಿ ಹೋಗ್ತಾನ. ಪಕ್ಕದ ಖೋಲಿಯಾಗ ನಿಂತು ಕೇಳಿದ ಮಾರ್ಲೋ ಆಮ್ಯಾಲೆ ಆ ವಿಳಾಸಕ್ಕ ಫೋನ್ ಮಾಡಿ ವಿಚಾರಿಸಿದ್ರ ಅಲ್ಲೆ ಆಗ್ನೆಸ್ ಅನ್ನಾಕಿ ಇಲ್ಲ. ಸಾಯೂ ಮುಂದೂ ಹ್ಯಾರಿ ಸುಳ್ಳು ವಿಳಾಸ ಹೇಳಿದ್ದ. ಇಡೀ ಕಾದಂಬರಿಯಾಗ ಮಾರ್ಲೋ ಮನಸಾರೆ ಮೆಚ್ಚಿದ ಕೆಲವ ಮಂದಿಯಾಗ ಅಂವ ಒಬ್ಬ.

ಅಕಿ ಬಂದು ಇನ್ನೂರು ಡಾಲರ್ ಎಣಿಸಕೊಂಡು, ಸುದ್ದಿ ಹೇಳಿ, ನನ್ನ ನಸೀಬ ಕೆಟ್ಟದ್ದು ಅನ್ನೂ ಅರ್ಥದಾಗ ಒಂದು ಮಾತಾಡಿ ಕಾರು ಹೊಡಕೊಂಡು ಹೋಗಿಬಿಡ್ತಾಳ. ಮೂರು ಗಂಡಸರು ಸತ್ರು, ಅಕಿ ಮ್ಯಾಲೆ ಒಂದು ಗೀರೂ ಇಲ್ಲ. ಭಾನುವಾರ ಕಥಿ ಹೇಳಾಕ ಕೂತಾಗ ಮಾರ್ಲೋನಿಂದ ಶುರು ಮಾಡಬ್ಯಾಡ್ರಿ, ಆಗ್ನೆಸ್‌ಳಿಂದ ಶುರು ಮಾಡ್ರಿ. ಗೈಗರನ ಅಂಗಡಿ ಬಾಗಲದಿಂದ ಮೋನಾ ಅಡಗಿದ ಮನಿ ತನಕ ಅಕಿ ಒಬ್ಬಾಕಿನ ಕರಕೊಂಡು ಹೋಗ್ತಾಳ.